ಮುಗಲಿವಾಕ್ಕಂ ಮಗುವಿನ ಮೊಕದ್ದಮೆ: ಬರೆಯುವುದಾದರೆ ಸರಿಯಾಗಿ ಬರೆಯೋಣ



ನಮ್ಮ ಸಂಘದ ವಾಚನಾಲಯದಲ್ಲಿ ಒಂದು ಕಡತವಿದೆ. ಹೆಂಗಸರು ಮಕ್ಕಳ ಮೇಲೆ ನಡೆದ ಅನ್ಯಾಯದ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಅದರಲ್ಲಿ ಅಂಟಿಸಿಡುವುದು ರೂಢಿ. ಕನ್ನಡ ಓದಲು ಬರುವವರೆಲ್ಲ ಬಂದು ಓದುತ್ತಾರೆ, ಓದಿದವರು ಕೊಠಡಿಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಾರೆ. 2017ರಲ್ಲಿ ಈ ಊರಿನ ಮುಗಲಿವಾಕ್ಕಂನಲ್ಲಿ ಕೊಲೆಯಾದ ಹೆಣ್ಣು ಮಗುವಿನ ಸುದ್ದಿಯೂ ಅಲ್ಲಿದೆ. ಆದರೆ ಅದು 2018ರ ಮರಣದಂಡನೆಯ ತಲೆಬರಹದೊಂದಿಗೆ ನಿಂತುಹೋಗಿದೆ. 2025ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತೆಗೆದುಹಾಕಿ ಆರೋಪಿಯನ್ನು ಖುಲಾಸೆ ಮಾಡಿತಲ್ಲ, ಅದನ್ನೂ ಸೇರಿಸಿ ಎಂದು ಹೇಳಿದ್ದಕ್ಕೆ ನಮ್ಮಲ್ಲೇ ಗದ್ದಲವೆದ್ದಿತು. ‘ಅದನ್ನು ಸೇರಿಸಿದರೆ ಸಂಘ ಕೊಲೆಗಾರನ ಪಕ್ಷ ಹಿಡಿದಂತೆ’ ಎಂದರು ಕೆಲವರು. ‘ಮಗುವಿನ ಫೋಟೋ ದೊಡ್ಡದಾಗಿ ಹಾಕಿ, ಅವನ ಫೋಟೋದ ಕೆಳಗೆ ರಾಕ್ಷಸ ಎಂದು ಬರೆಯಿರಿ, ಸಾಕು’ ಎಂದರು ಇನ್ನು ಕೆಲವರು.

ಹಾಗೆ ಹೇಳಿದವರೆಲ್ಲ ನನ್ನ ಸ್ನೇಹಿತರೇ. ಅವರ ಹೊಟ್ಟೆ ಉರಿದದ್ದು ಸುಳ್ಳಲ್ಲ. ಆದರೂ ಅವರ ಮಾತು ತಪ್ಪು, ಶುದ್ಧ ತಪ್ಪು. ಆ ತಪ್ಪಿನ ಬೆಲೆಯನ್ನು ನಾಳೆ ತೆರುವವರು ಹೋಟೆಲಿನ ಕೊಠಡಿಯಲ್ಲಿ ಮಲಗುವ ನಾವೇ. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲು ನಡೆದದ್ದೇನು, ಅದನ್ನು ನೋಡೋಣ. 2017ರ ಫೆಬ್ರವರಿ 5, ಭಾನುವಾರ ಸಂಜೆ. ಮುಗಲಿವಾಕ್ಕಂನ ಒಂದು ವಸತಿ ಕಟ್ಟಡದಿಂದ ಪುಟ್ಟ ಹುಡುಗಿ ಕಾಣೆಯಾದಳು. ಕೆಲವು ಪತ್ರಿಕೆಗಳು ಆರು ವರ್ಷ ಎಂದವು, ಕೆಲವು ಏಳು ಎಂದವು. ಮಾಂಗಾಡು ಪೋಲೀಸರಲ್ಲಿ ದೂರು ದಾಖಲಾಯಿತು. ಮೂರು ದಿನದ ಮೇಲೆ ಅದೇ ಕಟ್ಟಡದಲ್ಲಿದ್ದ ಒಬ್ಬ ಓದಿದ ಯುವಕನನ್ನು ಹಿಡಿದರು. ಮಗುವಿನ ದೇಹ ಸುಟ್ಟ ಸ್ಥಿತಿಯಲ್ಲಿ ಹೆದ್ದಾರಿಯ ಬದಿ ಸಿಕ್ಕಿತು. ಇಷ್ಟು ಬರೆಯುವಾಗಲೇ ಕೈ ತಡೆಯುತ್ತದೆ, ಹೆಚ್ಚಿನ ವಿವರ ಬೇಡ. ಸುದ್ದಿ ಹೇಳುವವರಲ್ಲಿ ಕೆಲವರು ಇದನ್ನು ಮೌಲಿವಾಕ್ಕಂ ಎನ್ನುತ್ತಾರೆ. ಮೌಲಿವಾಕ್ಕಂ ಪಕ್ಕದ ಊರು. ಅಲ್ಲಿ 2014ರ ಜೂನ್ 28ರಂದು ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಮಂದಿ ಸತ್ತರು, ಬಹುಪಾಲು ಕೂಲಿಯವರು. ಎರಡು ಊರು, ಎರಡು ದುಃಖ. ಒಂದನ್ನು ಇನ್ನೊಂದಕ್ಕೆ ಬೆರೆಸಿದರೆ ಎರಡರ ಲೆಕ್ಕವೂ ಕೆಡುತ್ತದೆ.

ಆರೋಪಿಯ ಮೇಲೆ ಹಾಕಿದ್ದ ಗೂಂಡಾ ಕಾಯಿದೆಯ ಬಂಧನವನ್ನು ಆ ವರ್ಷವೇ ಹೈಕೋರ್ಟು ರದ್ದುಪಡಿಸಿತು. ಅವನು ಜಾಮೀನಿನ ಮೇಲೆ ಹೊರಗೆ ಬಂದ. ಡಿಸೆಂಬರ್ 2ರಂದು ಕುಂದ್ರತ್ತೂರಿನಲ್ಲಿ ಅವನ ತಾಯಿಯ ಕೊಲೆಯಾಯಿತು. ಅದರ ಆಪಾದನೆಯೂ ಅವನ ಮೇಲೆಯೇ ಬಿತ್ತು, ಮುಂಬಯಿಯಲ್ಲಿ ಹಿಡಿದು ತಂದರು. ಊರು ಕೊತಕೊತ ಕುದಿಯುತ್ತಿತ್ತು. ಮಗುವಿನ ಮೊಕದ್ದಮೆ ಆ ಕುದಿಯ ನಡುವೆ ಓಡಿತು. 2018ರ ಫೆಬ್ರವರಿ 19ರಂದು ಚೆಂಗಲ್ಪಟ್ಟಿನ ಮಹಿಳಾ ನ್ಯಾಯಾಲಯ ಮರಣದಂಡನೆ ವಿಧಿಸಿತು. (ಆಗ ಚೆಂಗಲ್ಪಟ್ಟು ಕಾಂಚೀಪುರಂ ಜಿಲ್ಲೆಯೊಳಗಿತ್ತು, ಬೇರೆ ಜಿಲ್ಲೆಯಾದದ್ದು 2019ರಲ್ಲಿ.) ಅದೇ ವರ್ಷ ಜುಲೈ 10ರಂದು ಮದ್ರಾಸ್ ಹೈಕೋರ್ಟು ಶಿಕ್ಷೆಯನ್ನು ಖಾಯಂ ಮಾಡಿತು. ನಮ್ಮ ಕಡತ ನಿಂತದ್ದು ಇಲ್ಲಿಗೆ.

ಮುಂದಿನದನ್ನು ಕೇಳಿ. ತಾಯಿಯ ಕೊಲೆಯ ಮೊಕದ್ದಮೆಯಲ್ಲಿ 2025ರಲ್ಲಿ ಖುಲಾಸೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಗುವಿನ ಮೊಕದ್ದಮೆಯಲ್ಲೂ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರು, ನ್ಯಾಯಮೂರ್ತಿ ವಿಕ್ರಂ ನಾಥ್, ಸಂಜಯ್ ಕರೋಲ್ ಮತ್ತು ಸಂದೀಪ್ ಮೆಹತಾ, ಖುಲಾಸೆ ಮಾಡಿದರು. ಯಾಕೆ? ‘ದುಡ್ಡು ಕೊಟ್ಟು ಬಿಡಿಸಿಕೊಂಡ’ ಎಂದು ಒಬ್ಬ ಸಪ್ಲಯರ್ ನನ್ನ ಎದುರಿಗೇ ಹೇಳಿದ. ಎಲ್ಲಿ ಓದಿದೆ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ ಎಂದ. ಎಲ್ಲರೂ ಹೇಳುವುದು ಬೇರೆ, ತೀರ್ಪಿನಲ್ಲಿರುವುದು ಬೇರೆ.

ತೀರ್ಪಿನಲ್ಲಿರುವುದು ಹೀಗೆ. ಆರೋಪ ಹೊರಿಸಿದ ದಿನ ಅವನ ಪಕ್ಕದಲ್ಲಿ ವಕೀಲರೇ ಇರಲಿಲ್ಲ. ಕಾನೂನು ನೆರವಿನ ವಕೀಲರನ್ನು ಕೊಟ್ಟದ್ದು ಸಾಕ್ಷಿಗಳ ವಿಚಾರಣೆ ಶುರುವಾಗುವುದಕ್ಕೆ ನಾಲ್ಕು ದಿನ ಮುಂಚೆ. ಮರಣದಂಡನೆಯ ಮೊಕದ್ದಮೆಗೆ ನಾಲ್ಕು ದಿನ! ಅಪರಾಧಿ ಎಂದು ತೀರ್ಮಾನಿಸಿದ ದಿನವೇ ಶಿಕ್ಷೆಯನ್ನೂ ಹೇಳಿ ಮುಗಿಸಿದರು. ಅದಕ್ಕಿಂತ ಮುಖ್ಯವಾದದ್ದು ಪೋಲೀಸರ ಕೆಲಸ. ಮಗುವಿನ ಜೊತೆ ಅವನನ್ನು ಕೊನೆಗೆ ಕಂಡೆ ಎಂದ ಸಾಕ್ಷಿಯನ್ನು ಕೋರ್ಟು ನಂಬಲಿಲ್ಲ. ಕ್ಯಾಮೆರಾದಲ್ಲಿ ಅವನ ಓಡಾಟ ಸೆರೆಯಾಗಿದೆ ಎಂದು ಹೇಳಿದರೇ ಹೊರತು ಆ ದೃಶ್ಯವನ್ನು ಕೋರ್ಟಿನ ಮುಂದೆ ಕ್ರಮವಾಗಿ ಇಟ್ಟು ಸಾಬೀತು ಮಾಡಲಿಲ್ಲ. ಅವನು ತೋರಿಸಿದ ಮೇಲೆ ವಸ್ತುಗಳು ಸಿಕ್ಕಿದವು ಎಂಬ ಮಾತಿನ ಮೇಲೂ ಅನುಮಾನ ಬಂತು. ಪರೀಕ್ಷೆಗೆ ಕಳಿಸಿದ ಮಾದರಿಗಳು ಯಾರ ಕೈಯಿಂದ ಯಾರ ಕೈಗೆ, ಯಾವ ಸ್ಥಿತಿಯಲ್ಲಿ ಹೋದವು ಎಂಬುದಕ್ಕೆ ಸರಿಯಾದ ಕೊಂಡಿ ಇರಲಿಲ್ಲ.

ಈಗ ಹೇಳಿ, ಇದರಿಂದ ಅನ್ಯಾಯವಾದದ್ದು ಯಾರಿಗೆ? ‘ಅಂಥವನಿಗೆ ವಕೀಲ ಬೇರೆ ಕೇಡು’ ಎಂದು ಎಷ್ಟು ಜನ ಹೇಳಲಿಲ್ಲ! ವಕೀಲರನ್ನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ, ಅದೇ ಈ ಮೊಕದ್ದಮೆಯ ಒಂದು ಕೇಡಾಯಿತು. ಇಡ್ಲಿ ಬೇಯುವ ಮುಂಚೆ ಗಿರಾಕಿ ಕೂಗುತ್ತಾನೆ ಎಂದು ಮುಚ್ಚಳ ತೆಗೆದರೆ ಏನಾಗುತ್ತದೆ, ಯಾವ ಭಟ್ಟರನ್ನಾದರೂ ಕೇಳಿ. ಹಿಟ್ಟಾಗಿ ಬಟ್ಟೆಗೆ ಅಂಟುತ್ತದೆ, ಮತ್ತೆ ಹಬೆಗಿಟ್ಟರೂ ಸರಿಹೋಗುವುದಿಲ್ಲ. ಊರು ಕೂಗಿತು, ಸರ್ಕಾರ ಅವಸರ ಮಾಡಿತು. ಏಳು ವರ್ಷದ ಮೇಲೆ ಆ ತಂದೆತಾಯಿಗೆ ಸಿಕ್ಕಿದ್ದೇನು? ಅವರ ಮಗುವನ್ನು ಕೊಂದವರು ಯಾರು ಎಂಬುದು ಕಾನೂನಿನ ಪ್ರಕಾರ ಸಾಬೀತಾಗಿಲ್ಲ ಎಂಬ ಒಂದು ಕಾಗದ. ಆ ಕಾಗದವನ್ನು ನಮ್ಮ ಕಡತದಿಂದ ಹೊರಗಿಡಬೇಕು ಎನ್ನುವವರು ಪೋಲೀಸರು ಕೆಲಸ ಕೆಡಿಸಿದ್ದನ್ನು ಮುಚ್ಚಿಡಬೇಕು ಎಂದೇ ಹೇಳಿದಂತಾಯಿತು. ಯಾರ ಪಕ್ಷ ಇದು?

ಇನ್ನೊಂದು ದೊಡ್ಡ ಕೂಗು ಎನ್‌ಕೌಂಟರಿನದು. ಗುಂಡು ಹೊಡೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲವಂತೆ. ಕೊಯಮತ್ತೂರಿನಲ್ಲಿ 2010ರ ಅಕ್ಟೋಬರಿನಲ್ಲಿ ಶಾಲೆಗೆ ಹೊರಟ ಅಕ್ಕ ತಮ್ಮ ಇಬ್ಬರನ್ನು ಕರೆದೊಯ್ದು ಕೊಂದರು. ಆರೋಪಿಗಳು ಇಬ್ಬರು. ಒಬ್ಬನನ್ನು ನವೆಂಬರಿನಲ್ಲಿ ಪೋಲೀಸರು ಗುಂಡಿಟ್ಟು ಕೊಂದರು, ಊರಲ್ಲಿ ಪಟಾಕಿ ಹೊಡೆದರು. ಇನ್ನೊಬ್ಬನ ಮೊಕದ್ದಮೆ ಕೆಳಗಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ನಡೆದು 2019ರಲ್ಲಿ ಅಪರಾಧ ಸ್ಥಿರವಾಯಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಮರಣದಂಡನೆ ಸರಿ ಎಂದರು, ಒಬ್ಬರು ಜೀವಾವಧಿ ಸಾಕು ಎಂದರು. ಈ ಎರಡನೆಯವನು ಮಾಡಿದ್ದೇನು, ಅದಕ್ಕೆ ಸಾಕ್ಷಿ ಏನು, ನ್ಯಾಯಾಧೀಶರಲ್ಲಿ ಭಿನ್ನಾಭಿಪ್ರಾಯ ಎಲ್ಲಿ ಬಂತು, ಎಲ್ಲವೂ ಇಂದು ಯಾರು ಬೇಕಾದರೂ ಓದಬಹುದಾದ ದಾಖಲೆ. ಗುಂಡಿಗೆ ಸತ್ತವನ ಬಾಯಿಂದ ಯಾವ ಕೋರ್ಟೂ ಒಂದು ಮಾತು ಕೇಳಲಿಲ್ಲ. ಅವನ ವಿಷಯ ಪೋಲೀಸರು ಹೇಳಿದಷ್ಟೇ.

ಪೋಲೀಸರು ಹೇಳಿದ್ದು ಸಾಲದೇ ಎಂದು ಕೇಳುತ್ತೀರಾ? ಹಾಗಾದರೆ ಈ ಬರಹದಲ್ಲಿ ಬೇರೇನು ಮರೆತರೂ ಗುರುಗ್ರಾಮದ ಕಂಡಕ್ಟರನನ್ನು ಮರೆಯಬೇಡಿ.

ದಿಲ್ಲಿ ಪಕ್ಕದ ಗುರುಗ್ರಾಮ. ದೊಡ್ಡವರ ಮಕ್ಕಳು ಓದುವ ದೊಡ್ಡ ಶಾಲೆ. 2017ರ ಸೆಪ್ಟೆಂಬರ್ 8ರ ಬೆಳಿಗ್ಗೆ ಎರಡನೇ ತರಗತಿಯ ಏಳು ವರ್ಷದ ಹುಡುಗನ ಕತ್ತು ಕೊಯ್ದು ಶೌಚಾಲಯದಲ್ಲಿ ಬಿಟ್ಟಿದ್ದರು. ಸಂಜೆಯೊಳಗೆ ಪೋಲೀಸರು ಕೊಲೆಗಾರ ಸಿಕ್ಕಿದ ಎಂದರು. ಸಿಕ್ಕಿದ್ದು ಯಾರು? ಶಾಲೆಯ ಬಸ್ಸಿನ ಕಂಡಕ್ಟರು! ಟೀವಿಯವರ ಮುಂದೆ ಅವನನ್ನು ನಿಲ್ಲಿಸಿದರು, ಅವನು ತಾನೇ ಮಾಡಿದೆ ಎಂದ. ದೇಶವೆಲ್ಲ ನೋಡಿತು. ಮುಗಿಯಿತಲ್ಲ, ಬಾಯಿಂದಲೇ ಒಪ್ಪಿದನಲ್ಲ! ಆ ಸಂಜೆ ಗುಂಡು ಹೊಡೆದಿದ್ದರೆ ನಮ್ಮಲ್ಲೂ ಸಿಹಿ ಹಂಚುವವರು ಇದ್ದರು.

ಮಗುವಿನ ತಂದೆತಾಯಿಗೇ ಅದು ಒಪ್ಪಿಗೆಯಾಗಲಿಲ್ಲ. ಅವರು ಹಟ ಹಿಡಿದರು. ತನಿಖೆ ಸಿಬಿಐ ಕೈಗೆ ಹೋಯಿತು. ನವೆಂಬರಿನಲ್ಲಿ ಸಿಬಿಐ ಬೇರೆಯೇ ಮಾತು ಹೇಳಿತು: ಕಂಡಕ್ಟರನ ವಿರುದ್ಧ ಏನೂ ಇಲ್ಲ. ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯೊಬ್ಬನ ಮೇಲೆ ಅದು ಆಪಾದನೆ ಹೊರಿಸಿತು. (ಆಪಾದನೆ ಎಂದೇ ಬರೆಯುತ್ತೇನೆ, ಕಂಡಕ್ಟರನಿಗೆ ಬೇಕಾದ ನ್ಯಾಯ ಆ ಹುಡುಗನಿಗೂ ಬೇಕು.) ಕಂಡಕ್ಟರನಿಗೆ ಜಾಮೀನು ಸಿಕ್ಕಿತು, 2018ರ ಫೆಬ್ರವರಿಯಲ್ಲಿ ಕೋರ್ಟು ಅವನನ್ನು ಆರೋಪದಿಂದ ಪೂರ್ತಿ ಬಿಡುಗಡೆ ಮಾಡಿತು. ಹೊಡೆದು ಬಡಿದು ಒಪ್ಪಿಸಿದರು ಎಂದು ಅವನು ಹೊರಗೆ ಬಂದ ಮೇಲೆ ಹೇಳಿದ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬ ಕಾನೂನು ಬ್ರಿಟಿಷರ ಕಾಲದಿಂದ ಇದೆ, ಈಗಿನ ಹೊಸ ಸಾಕ್ಷ್ಯ ಕಾಯಿದೆಯಲ್ಲೂ ಇದೆ. ಅದು ಇರುವುದು ಇಂಥವರಿಗಾಗಿಯೇ.

ಬಸ್ಸಿನ ಕಂಡಕ್ಟರು ಯಾಕೆ ಸಿಕ್ಕಿಬಿದ್ದ? ಬಡವ, ಹತ್ತಿರವೇ ಇದ್ದ, ಕೇಳುವವರಿಲ್ಲ. ದೊಡ್ಡವರ ಮನೆಯಲ್ಲಿ, ದೊಡ್ಡ ಅಂಗಡಿಯಲ್ಲಿ, ದೊಡ್ಡ ಹೋಟೆಲಿನಲ್ಲಿ ಏನಾದರೂ ನಡೆದರೆ ಮೊದಲು ಕೊರಳಪಟ್ಟಿ ಹಿಡಿಯುವುದು ಯಾರದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಟೇಬಲ್ ಒರೆಸುತ್ತಿದ್ದ ಕಾಲದಲ್ಲಿ ಒಂದು ಹೋಟೆಲಿನಲ್ಲಿ ಗಿರಾಕಿಯ ಕೈಚೀಲ ಕಾಣೆಯಾಯಿತು. ಕ್ಲೀನರ್ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸಿದರು. ಚೀಲ ಗಿರಾಕಿಯ ಕಾರಿನಲ್ಲೇ ಇತ್ತು. ಅಂಗಿ ಹಾಕಿಕೊಳ್ಳಿ ಎಂದರು, ಅಷ್ಟೇ. ಕೈಚೀಲಕ್ಕೆ ಇಷ್ಟಾದರೆ ಮಗುವಿಗೆ ಎಷ್ಟಾದೀತು?

ಹಾಗೆಂದು ನಮ್ಮವರೆಲ್ಲ ಹಸುವಿನಂಥವರು ಎಂದು ನಾನು ಹೇಳುವುದಿಲ್ಲ. ಅದೂ ಸುಳ್ಳು ದಾಖಲೆಯೇ. 2018ರಲ್ಲಿ ಇದೇ ಊರಿನ ಅಯನಾವರಂನಲ್ಲಿ ಕಿವಿ ಕೇಳಿಸದ ಪುಟ್ಟ ಹುಡುಗಿಯೊಬ್ಬಳ ಮೇಲೆ ತಿಂಗಳುಗಟ್ಟಲೆ ಅತ್ಯಾಚಾರ ನಡೆಸಿದವರು ಆ ಕಟ್ಟಡದ ಕಾವಲುಗಾರರು, ಲಿಫ್ಟಿನವರು, ನಲ್ಲಿ ರಿಪೇರಿಯವರು. ಕೆಲಸಗಾರರೇ. ಹಿಡಿದದ್ದು 17 ಮಂದಿಯನ್ನು. ಕೋರ್ಟಿಗೆ ಕರೆತಂದ ದಿನ ವಕೀಲರೇ ಮೇಲೆ ಬಿದ್ದು ಹೊಡೆದರು. 2020ರ ಫೆಬ್ರವರಿಯಲ್ಲಿ ತೀರ್ಪು ಬಂತು: 15 ಮಂದಿಗೆ ಶಿಕ್ಷೆ, ಒಬ್ಬ ಅಷ್ಟರೊಳಗೆ ಸತ್ತಿದ್ದ, ಒಬ್ಬ ಖುಲಾಸೆ. ಹದಿನೈದು ಎಂದು ಬರೆಯಿರಿ, ನಾಚಿಕೆಯಿಲ್ಲದೆ ಬರೆಯಿರಿ, ಅವರು ನಮ್ಮ ವರ್ಗದವರು ಎಂದೂ ಬರೆಯಿರಿ. ಜೊತೆಗೆ ಆ ಒಬ್ಬನನ್ನೂ ಬರೆಯಿರಿ. ಹದಿನೇಳು ಎಂದು ಬರೆದುಬಿಟ್ಟರೆ ಅವನ ಗತಿ ಏನು? ಮಿಲ್ಲಿನಲ್ಲಿ ದುಡಿದವರನ್ನು ಕೇಳಿ: ಹಾಜರಿ ಪುಸ್ತಕದಲ್ಲಿ ಒಂದು ಗೆರೆ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಇಲ್ಲಿ ಹೋಗುವುದು ಕೂಲಿಯಲ್ಲ.

ತಪ್ಪು ಸುದ್ದಿ ಏನು ಮಾಡುತ್ತದೆ ಎಂಬುದಕ್ಕೆ 2018 ಒಂದೇ ವರ್ಷ ಸಾಕು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಫೋನಿನಿಂದ ಫೋನಿಗೆ ಸುದ್ದಿ ಹಬ್ಬಿತ್ತು. ಮೇ ತಿಂಗಳಲ್ಲಿ ತಿರುವಣ್ಣಾಮಲೈ ಜಿಲ್ಲೆಯ ಪೋಳೂರಿನ ಹತ್ತಿರ, ಚೆನ್ನೈಯಿಂದ ದೇವರ ದರ್ಶನಕ್ಕೆ ಹೊರಟಿದ್ದ ಕುಟುಂಬವೊಂದು ದಾರಿ ಕೇಳಲು ನಿಂತಿತು. ಅವರಲ್ಲಿದ್ದ ಅಜ್ಜಿ ಮಕ್ಕಳಿಗೆ ಮಿಠಾಯಿ ಕೊಟ್ಟರು. ಊರವರು ಸೇರಿ ಅಜ್ಜಿಯನ್ನು ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ಯುವಕನನ್ನು ಕೈ ಕಾಲು ಕಟ್ಟಿ ಎಳೆದಾಡಿ ಕೊಂದರು. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಇಂಜಿನಿಯರನನ್ನು ಕೊಂದರು. ಅಲ್ಲೂ ಕಾರಣ ಮಕ್ಕಳಿಗೆ ಕೊಟ್ಟ ಮಿಠಾಯಿ. ಮೂರು ಕಡೆಯೂ ಕಳುವಾದ ಮಗು ಒಂದೂ ಇಲ್ಲ. ಮೂರು ಕಡೆಯೂ ಸತ್ತವರು ಪರಊರಿನವರು.

ಪರಊರಿನವರು! ನಾವು ಯಾರು ಸ್ವಾಮಿ? ಕುಂದಾಪುರ, ಉಡುಪಿ, ಹಾಸನ, ಶಿವಮೊಗ್ಗ ಬಿಟ್ಟು ಬಂದು ಇಲ್ಲಿ ಹರಕು ತಮಿಳು ಆಡುವವರು. ಇವತ್ತು ನಮ್ಮ ಪಕ್ಕದಲ್ಲಿ ಪಾತ್ರೆ ತೊಳೆಯುವವರು ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು, ಅವರಿಗೆ ಹರಕು ತಮಿಳೂ ಇಲ್ಲ. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆ ಎಂದು ಎಲ್ಲಿಯದೋ ಚಿತ್ರಗಳನ್ನು ಹಬ್ಬಿಸಿ ಅವರನ್ನು ಹೇಗೆ ನಡುಗಿಸಿದರು ಎಂಬುದು ನೆನಪಿದೆಯಲ್ಲ. ಎಲ್ಲಿಯೋ ಒಂದು ಮಗು ಸತ್ತ ಸುದ್ದಿಗೆ ನಮ್ಮ ಗೋಡೆಯ ಮೇಲೆ ‘ರಾಕ್ಷಸ’ ಎಂದು ಬರೆದರೆ ಆ ಮಾತು ನಾಳೆ ಯಾವ ಹುಡುಗನ ಬೆನ್ನಿಗೆ ಅಂಟುತ್ತದೋ ಬಲ್ಲವರಾರು?

ದಕ್ಷಿಣ ಕನ್ನಡದ ಸ್ನೇಹಿತರು ಉಜಿರೆಯ ಮಾತೆತ್ತುತ್ತಾರೆ. 2012ರ ಅಕ್ಟೋಬರಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ 17 ವರ್ಷದ ಹುಡುಗಿ ಶವವಾಗಿ ಸಿಕ್ಕಿದಳು. ಹಿಡಿದ ಒಬ್ಬನನ್ನು 2023ರ ಜೂನ್ 16ರಂದು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು, 2024ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಾಗಾದರೆ ಕೊಂದವರು ಯಾರು? ಕೇಳಬೇಕು, ಗಟ್ಟಿಯಾಗಿ ಕೇಳಬೇಕು, ತನಿಖೆ ಕೆಡಿಸಿದವರನ್ನು ಕೇಳಬೇಕು. ಆದರೆ ಖಾಲಿ ಇರುವ ಜಾಗದಲ್ಲಿ ನಮಗೆ ಆಗದವರ ಹೆಸರು ತುಂಬುವ ಅಧಿಕಾರ ಯಾರಿಗೂ ಇಲ್ಲ. ಖಾಲಿ ಇದ್ದರೆ ಖಾಲಿ ಎಂದೇ ಬರೆಯಬೇಕು. ಆ ಖಾಲಿ ಜಾಗವೇ ಸರ್ಕಾರವನ್ನು ಚುಚ್ಚುತ್ತದೆ.

ಇನ್ನು ಫೋಟೋದ ವಿಷಯ. ಮಗುವಿನ ಹೆಸರು ಫೋಟೋ ಬೇಕು ಎನ್ನುವವರು ಕಾನೂನನ್ನು ತಿಳಿಯಬೇಕು. ಲೈಂಗಿಕ ಅಪರಾಧಕ್ಕೆ ತುತ್ತಾದ ಮಗುವಿನ ಹೆಸರು, ಚಿತ್ರ, ಮನೆ, ಶಾಲೆ, ಯಾವುದನ್ನೂ ಪ್ರಕಟಿಸಬಾರದೆಂದು 2012ರ ಪೋಕ್ಸೋ ಕಾಯಿದೆಯ 23ನೇ ಕಲಮು ಹೇಳುತ್ತದೆ. ಸತ್ತ ಮೇಲೂ ಅದೇ ನಿಯಮ ಎಂದು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಕಠುವಾದ ಮಗುವಿನ ಹೆಸರು ಪ್ರಕಟಿಸಿದ ದೊಡ್ಡ ದೊಡ್ಡ ಪತ್ರಿಕೆಗಳಿಗೆ ದಿಲ್ಲಿ ಹೈಕೋರ್ಟು ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು. ನಮ್ಮ ಪತ್ರಿಕೆಗೆ ಹತ್ತು ಸಾವಿರವೂ ಗಲ್ಲಾದಲ್ಲಿಲ್ಲ, ಅದು ಬೇರೆ ಮಾತು. ದುಡ್ಡಿಗೆ ಹೆದರಿ ಹೇಳುವುದಲ್ಲ. ಆ ಮಗು ನಮ್ಮ ಕೊಠಡಿಯಲ್ಲಿ ರಾತ್ರಿ ಊಟದ ಮೇಲೆ ಆಡಿಕೊಳ್ಳುವ ಕಥೆಯಾಗಬಾರದು. ಖುಲಾಸೆಯಾದವನ ಹೆಸರನ್ನೂ ನಾನು ಬರೆಯುವುದಿಲ್ಲ, ಮೊಕದ್ದಮೆಯ ಗುರುತಿಗೆ ಕೋರ್ಟು ಮತ್ತು ತಾರೀಕು ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ‘ಕೂಲಿ ಸಂಘಕ್ಕೆ ಈ ಉಸಾಬರಿ ಯಾಕೆ, ಬೋನಸ್ಸಿನ ಮಾತಾಡಿ’ ಎನ್ನುವ ಹಿರಿಯರೂ ಇದ್ದಾರೆ. ಅವರಿಗೆ ನೊಯ್ಡಾದ ನಿಠಾರಿಯನ್ನು ತೋರಿಸುತ್ತೇನೆ. ಅಲ್ಲಿ ಕಾಣೆಯಾಗುತ್ತಿದ್ದವರು ಹೆಚ್ಚಾಗಿ ಮನೆಕೆಲಸದವರ, ರಿಕ್ಷಾದವರ, ಕೂಲಿಯವರ ಮಕ್ಕಳು. ಪೋಲೀಸರ ಬಳಿ ಹೋದರೆ ದೂರು ಬರೆದುಕೊಳ್ಳದೆ ಅಟ್ಟುತ್ತಿದ್ದರು. 2006ರ ಡಿಸೆಂಬರಿನಲ್ಲಿ ಚರಂಡಿಯಿಂದ ಮೂಳೆಗಳು ಬಂದ ಮೇಲೆ ದೇಶ ಎದ್ದಿತು. ಮರಣದಂಡನೆಗಳಾದವು, ಜನ ಮರೆತರು. 2023ರಲ್ಲಿ ಅಲಹಾಬಾದ್ ಹೈಕೋರ್ಟು ಖುಲಾಸೆ ಮಾಡಿತು, 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಉಳಿದ ಕೊನೆಯ ಮೊಕದ್ದಮೆಯಲ್ಲೂ ಖುಲಾಸೆ ಮಾಡಿತು. ಹತ್ತೊಂಬತ್ತು ವರ್ಷದ ಮೇಲೆ ಅಷ್ಟು ಮಕ್ಕಳಿಗೆ ಒಬ್ಬನೂ ಹೊಣೆಯಲ್ಲ! ಮೊದಲ ತಾಯಿ ಠಾಣೆಗೆ ಹೋದ ದಿನವೇ ದೂರು ಬರೆದುಕೊಂಡಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು? ಮಗು ಕಾಣೆಯಾದ ದೂರು ಬಂದರೆ ಮೊಕದ್ದಮೆ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಆಜ್ಞೆ ಮಾಡಿದೆ. ಆ ಠಾಣೆ ಈ ಠಾಣೆ ಎಂದು ಓಡಾಡಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ನಮ್ಮ ಹೆಂಗಸರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಕೊಲೆಗಾರನ ಫೋಟೋ ಎಲ್ಲರ ಫೋನಿನಲ್ಲೂ ಇದೆ, ಈ ಆಜ್ಞೆ ಯಾರ ಫೋನಿನಲ್ಲೂ ಇಲ್ಲ.

ಆದ್ದರಿಂದ ನಾನು ಮುಂದಿನ ಸಭೆಯಲ್ಲಿ ತರುವ ಠರಾವು ಇದು. ಕಡತದಲ್ಲಿರುವ ಮಗುವಿನ ಚಿತ್ರ ಮತ್ತು ಹೆಸರು ತೆಗೆಯಬೇಕು. 2018ರ ಕತ್ತರಿಕೆಗಳನ್ನು ಹರಿಯಬಾರದು, ಅವು ಆ ದಿನದ ಸುದ್ದಿಯಾಗಿ ಅಲ್ಲೇ ಇರಲಿ. ಆದರೆ ಅವುಗಳ ಮೇಲೆ, ಮೊದಲು ಕಣ್ಣಿಗೆ ಬೀಳುವಂತೆ, ಒಂದು ಹಾಳೆ ಅಂಟಿಸಬೇಕು. ಅದರಲ್ಲಿ ಪೋಲೀಸರು ಹೇಳಿದ್ದು, ಕೆಳಗಿನ ಕೋರ್ಟು ಹೇಳಿದ್ದು, ಹೈಕೋರ್ಟು ಹೇಳಿದ್ದು, ಸುಪ್ರೀಂ ಕೋರ್ಟು ಹೇಳಿದ್ದು ಬೇರೆ ಬೇರೆಯಾಗಿ, ತಾರೀಕಿನ ಸಮೇತ ಇರಬೇಕು. ಹೊಸದೇನಾದರೂ ಆದರೆ ಹಳೆಯದನ್ನು ಅಳಿಸದೆ ಕೆಳಗೆ ಬರೆದು ಬರೆದವರು ರುಜು ಹಾಕಬೇಕು. ಫೋನಿನಲ್ಲಿ ಬಂದದ್ದು ಆ ಹಾಳೆಗೆ ಬರಕೂಡದು. ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಪುಕ್ಕಟೆ ಓದಬಹುದು, ಕೆಲವು ಕನ್ನಡಕ್ಕೂ ತರ್ಜುಮೆಯಾಗಿ ಸಿಗುತ್ತವೆ. ಈ ತೀರ್ಪನ್ನು ಇಂಗ್ಲಿಷು ಬಲ್ಲ ಇಬ್ಬರು ಸದಸ್ಯರು ಬೇರೆ ಬೇರೆಯಾಗಿ ಓದಿ ಹೇಳಬೇಕು, ಇಬ್ಬರ ಮಾತೂ ಕೂಡಿದರೆ ಮಾತ್ರ ಬರೆಯಬೇಕು.

ಹಾಳೆಯ ಕೊನೆಯ ಸಾಲು ಏನಿರಬೇಕೆಂದು ಜಗಳ ಬೇಡ, ತೀರ್ಪಿನಲ್ಲಿರುವುದೇ ಸಾಕು: ‘2025ರ ಅಕ್ಟೋಬರ್ 8ರ ತೀರ್ಪಿನ ಪ್ರಕಾರ ಆರೋಪ ಸಾಬೀತಾಗಲಿಲ್ಲ, ಆರೋಪಿ ಖುಲಾಸೆ.’ ಅದರ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿರಬೇಕು.